ಹಾಡಿಯಲ್ಲಿ ಸಿಕಲ್ ಸೆಲ್ ತಪಾಸಣೆ ಮಾಡುವುದು ಹೇಗೆ?

ಸಿಕಲ್ ಸೆಲ್ ಅಂದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ, ಹೆತ್ತವರಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆ. ಇದನ್ನು ತೊಲಗಿಸಲು 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಮಿಷನ್ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿತ್ತು. ಎಚ್.ಡಿ. ಕೋಟೆಯ ಆದಿವಾಸಿ ಹಾಡಿಗಳಿಗೂ ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಗೂ (ಅಲ್ಲಿ ಹಾಡಿಗೆ ಪೋಡು ಅನ್ನುತ್ತಾರೆ) ಕ್ಯಾಂಪ್‌ಗೆ ಹೊರಟಿರುವ ಹೊಸಬರು ಇದನ್ನು ಓದಿಕೊಳ್ಳಿ.

ಹಿಂದಿನ ದಿನವೇ ಹಾಡಿಯ ಯಜಮಾನರಿಗೆ ಹೇಳಿ, ಜನ ಕೂಲಿಗೆ ಹೊರಡುವ ಮೊದಲು ಹಾಡಿ ಸೇರಿ.

ಬೆರಳು ಚುಚ್ಚಿ, ಕಿಟ್‌ನಲ್ಲಿ ಹೇಳಿದಷ್ಟೇ ರಕ್ತವನ್ನು ದ್ರಾವಣದ ಟ್ಯೂಬಿಗೆ ಹಾಕಿ ಅಲ್ಲಾಡಿಸಿ. ಪೂರಾ 5 ನಿಮಿಷ ಬಿಡಿ. ಟ್ಯೂಬಿನ ಹಿಂದೆ ನ್ಯೂಸ್ ಪೇಪರ್ ಹಿಡಿಯಿರಿ. ಅಕ್ಷರ ಓದಲು ಬಂದರೆ ತೊಂದರೆಯಿಲ್ಲ, ಮಬ್ಬಾಗಿ ಮುಚ್ಚಿದರೆ ಸಿಕಲ್ ಇದೆ. ಸಾಲು ಉದ್ದ ಇದೆ ಅಂತ ಎರಡೇ ನಿಮಿಷಕ್ಕೆ ನೋಡುವವರನ್ನು ಕಂಡಿದ್ದೇನೆ. ಹಾಗೆ ಮಾಡಲೇಬೇಡಿ. ತೆರೆದು ತುಂಬಾ ದಿನವಾದ ದ್ರಾವಣ ಚೆಲ್ಲಿಬಿಡಿ, ಅದು ಸುಳ್ಳು ಹೇಳುತ್ತದೆ. 6 ತಿಂಗಳೊಳಗಿನ ಕೂಸಿಗೆ ಈ ಪರೀಕ್ಷೆ ಸಾಲದು. ಈಚೆಗೆ ರಕ್ತ ಹಾಕಿಸಿಕೊಂಡವರಿಗೂ ಅಷ್ಟೇ.

ಮಬ್ಬಾಯಿತು ಅಂದರೆ ಕಾಯಿಲೆಯೇ ಅಂತಲ್ಲ. ಬರೀ ವಾಹಕರಾದವರ, ಅಂದರೆ ತಮಗೆ ಕಾಯಿಲೆ ಇಲ್ಲದಿದ್ದರೂ ಮಕ್ಕಳಿಗೆ ದಾಟಿಸಬಲ್ಲವರ ರಕ್ತವೂ ಮಬ್ಬಾಗುತ್ತದೆ. ಯಾವುದು ಅಂತ ತಿಳಿಯಲು ಲ್ಯಾಬಿನಲ್ಲಿ ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ನೋಡುವ ಎಚ್‌ಪಿಎಲ್‌ಸಿ ಪರೀಕ್ಷೆ ಆಗಲೇಬೇಕು. ಅಲ್ಲಿಯವರೆಗೆ 'ಪಾಸಿಟಿವ್' ಅನ್ನಬೇಡಿ. ಒಂದು ಕ್ಯಾಂಪಿನಲ್ಲಿ ಹುಡುಗಿಯೊಬ್ಬಳ ಹೆಸರು ಕೂಗಿ ಈ ಮಾತು ಹೇಳಿದರು. ಅವಳು ಬರೀ ವಾಹಕಿ. ಗೊತ್ತಾಗಿದ್ದ ಮದುವೆ ಸಂಜೆಯೊಳಗೆ ಮುರಿದುಬಿತ್ತು.

ರಿಪೋರ್ಟ್ ಬಂದ ಮೇಲೆ ಮನೆಯೊಳಗೆ ಕೂತು, ಅವರಿಗಷ್ಟೇ ಹೇಳಿ. ಚಾರ್ಟು, ಪಾಂಪ್ಲೆಟ್ ನನಗೆ ಹಿಡಿಸುವುದಿಲ್ಲ. ಕಾಳು ಸಾಕು. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ, ಗಂಡನ ಕೈಗೆ ಒಂದು ಹುಣಸೆ ಬೀಜ, ಒಂದು ಅವರೆಕಾಳು ಕೊಡಿ. ಹೆಂಡತಿಗೂ ಅಷ್ಟೇ. ಹುಣಸೆ ಬೀಜವೇ ಸಿಕಲ್. ಇಬ್ಬರೂ ಕಣ್ಣುಮುಚ್ಚಿ ಒಂದೊಂದು ಕಾಳು ಮುಂದಿಡಲಿ. ಎರಡೂ ಹುಣಸೆಯಾದರೆ ಮಗುವಿಗೆ ಕಾಯಿಲೆ, ಒಂದಾದರೆ ವಾಹಕ, ಎರಡೂ ಅವರೆಯಾದರೆ ಏನೂ ಇಲ್ಲ. ಎರಡೂ ಹುಣಸೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಅಂತ ಹೇಳಿ. ಆಮೇಲೆ ಕಾಳುಗಳನ್ನು ವಾಪಸ್ ಕೊಟ್ಟು ಮತ್ತೆ ಆಡಿಸಿ. ಈ ಎರಡನೇ ಸಲ ಬಿಡಲೇಬಾರದು. ಇಲ್ಲದಿದ್ದರೆ 'ನಾಲ್ಕರಲ್ಲಿ ಒಂದು ಅಂದ್ರಲ್ಲ, ಮೊದಲನೆಯದಕ್ಕೆ ಬಂತು, ಇನ್ನು ಮೂರಕ್ಕೆ ಬರಲ್ಲ ಅಲ್ವಾ' ಅಂದುಕೊಳ್ಳುತ್ತಾರೆ. ಪ್ರತಿ ಬಸಿರಿಗೂ ಆಟ ಹೊಸದು. ಮುಟ್ಟಿದರೆ, ಜೊತೆಗೆ ಉಂಡರೆ ಇದು ಹರಡಲ್ಲ ಅಂತಲೂ ಹೇಳಿ.

ಕಾಯಿಲೆ ಇರುವವರನ್ನು ವೈದ್ಯರ ಬಳಿ ಕಳಿಸಿ. ಅವರು ಬರೆದುಕೊಟ್ಟ ಹೈಡ್ರಾಕ್ಸಿಯೂರಿಯಾ, ಫೋಲಿಕ್ ಆ್ಯಸಿಡ್ ಔಷಧಿ ಬಿಡಬಾರದು. ನೀರು ಜಾಸ್ತಿ ಕುಡಿಯಬೇಕು, ಚಳಿಗೆ ಮೈ ಬೆಚ್ಚಗಿರಬೇಕು. ಸಂತೆಯಲ್ಲಿ ಮಾರುವ 'ರಕ್ತ ಹೆಚ್ಚಿಸುವ' ಟಾನಿಕ್ ಬೇಡವೇ ಬೇಡ. ಮಗುವಿಗೆ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯದೆ, ಆ ರಾತ್ರಿಯೇ ನೀವು ಕೊಟ್ಟ ಸಿಕಲ್ ಸೆಲ್ ಕಾರ್ಡ್ ಹಿಡಿದು ಆಸ್ಪತ್ರೆಗೆ ಹೋಗಲಿ. ಸೂರು ಸೋರುತ್ತದೆ, ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಯೇ ಕೊಡಿ.