ವಿಶ್ವವಿದ್ಯಾಲಯಗಳ ಜಾಗತಿಕ ರ‍್ಯಾಂಕ್ ಪಟ್ಟಿ ತಯಾರಾಗುವುದು ಹೇಗೆ, ಅದನ್ನು ಓದುವುದು ಹೇಗೆ?

ಜಗತ್ತಿನ ನಂಬರ್ ಒನ್ ವಿಶ್ವವಿದ್ಯಾಲಯ ಯಾವುದು? ಶಾಂಘೈ ಪಟ್ಟಿಯನ್ನು ಕೇಳಿದರೆ ಹಾರ್ವರ್ಡ್ ಎನ್ನುತ್ತದೆ. 2003ರಲ್ಲಿ ಆ ಪಟ್ಟಿ ಶುರುವಾದಾಗಿನಿಂದ ಮೊದಲ ಸ್ಥಾನ ಬೇರೆ ಯಾರಿಗೂ ಹೋಗಿಲ್ಲ. ಬ್ರಿಟನ್ನಿನ ಕ್ಯೂಎಸ್ ಸಂಸ್ಥೆಯ ಪಟ್ಟಿ 2012ರಿಂದ ಅಮೆರಿಕದ ಎಂಐಟಿಯನ್ನು ಮೇಲಿಟ್ಟಿದೆ. ಟೈಮ್ಸ್ ಹೈಯರ್ ಎಜುಕೇಶನ್ ಪಟ್ಟಿಯಲ್ಲಿ 2016ರಿಂದ ಆಕ್ಸ್‌ಫರ್ಡ್ ಕೂತಿದೆ. ಮೂವರಲ್ಲಿ ಯಾರೂ ಕೂಡಿಸಿ ಕಳೆಯುವುದರಲ್ಲಿ ತಪ್ಪಿಲ್ಲ. ಅವರು ಕೇಳಿಕೊಂಡ ಪ್ರಶ್ನೆಗಳು ಬೇರೆ ಬೇರೆ, ಅಷ್ಟೇ.

ಈ ಪಟ್ಟಿಗಳನ್ನು ಸುಮ್ನೆ ಬದಿಗೆ ಸರಿಸುವ ಹಾಗೂ ಇಲ್ಲ. 2022ರಲ್ಲಿ ಬ್ರಿಟನ್ ಪ್ರತಿಭಾವಂತ ಪದವೀಧರರಿಗಾಗಿ ಒಂದು ವೀಸಾ ಶುರು ಮಾಡಿತು. ಈ ಮೂರು ಪಟ್ಟಿಗಳಲ್ಲಿ ಕನಿಷ್ಠ ಎರಡರ ಮೊದಲ 50ರೊಳಗೆ ಬಂದಿರುವ ವಿ.ವಿ.ಯಲ್ಲಿ ಓದಿರಬೇಕು ಎಂಬುದು ಶುರುವಿನಲ್ಲಿ ಅದಕ್ಕಿದ್ದ ಷರತ್ತು. ಅಂದರೆ ಯಾರೋ ಹಾಕಿದ ಲೆಕ್ಕ ಇನ್ಯಾರದೋ ಬದುಕಿನ ದಾರಿ ತೀರ್ಮಾನಿಸುತ್ತಿದೆ. ಹಾಗಿದ್ದ ಮೇಲೆ ಆ ಲೆಕ್ಕ ಹೇಗೆ ನಡೆಯುತ್ತದೆ ಅಂತ ತಿಳಿದಿರಬೇಕು ಅಲ್ವಾ? ತಿಳಿಯಲು ಸುಲಭದ ದಾರಿ ಒಂದಿದೆ. ನಾವೇ ಒಂದು ಪಟ್ಟಿ ಮಾಡಲು ಹೊರಟಿದ್ದೇವೆ ಎಂದುಕೊಂಡು ಒಂದೊಂದೇ ಹೆಜ್ಜೆ ಇಡುವುದು.

ಹೆಜ್ಜೆ 1: ಪ್ರಶ್ನೆ ಯಾವುದು ಅಂತ ಗೊತ್ತು ಮಾಡಿಕೊಳ್ಳಿ

‘ಒಳ್ಳೆಯ ವಿಶ್ವವಿದ್ಯಾಲಯ ಯಾವುದು’ ಎಂದು ಕೇಳಿದರೆ ಅಳೆಯಲು ಆಗುವುದಿಲ್ಲ. ಯಾವುದರಲ್ಲಿ ಒಳ್ಳೆಯದು, ಯಾರಿಗೆ ಒಳ್ಳೆಯದು ಎಂದು ಮೊದಲೇ ಹೇಳಬೇಕು. ಶಾಂಘೈ ಜಿಯಾವೊ ಟಾಂಗ್ ವಿ.ವಿ.ಯವರು ಪಟ್ಟಿ ಮಾಡಿದ್ದು ಚೀನಾದ ವಿ.ವಿ.ಗಳು ಜಗತ್ತಿನ ದೊಡ್ಡ ಸಂಶೋಧನಾ ವಿ.ವಿ.ಗಳಿಗಿಂತ ಎಷ್ಟು ಹಿಂದಿವೆ ಎಂದು ತಿಳಿಯಲು. ಹಾಗಾಗಿ ಅದರ ತುಂಬ ನೊಬೆಲ್, ಜರ್ನಲ್, ಪ್ರಬಂಧಗಳೇ. ಕ್ಯೂಎಸ್ ಮತ್ತು ಟೈಮ್ಸ್ 2004ರಲ್ಲಿ ಜೊತೆಯಾಗಿ ಪಟ್ಟಿ ತರಲು ಶುರು ಮಾಡಿ, 2009ರ ನಂತರ ಬೇರೆಯಾದವು. ಅವರ ಕಣ್ಣು ಬೇರೆ ದೇಶಕ್ಕೆ ಓದಲು ಹೋಗುವವರ ಮೇಲೂ ಇತ್ತು. ಅದಕ್ಕೇ ಅಲ್ಲಿ ವಿದೇಶಿ ವಿದ್ಯಾರ್ಥಿಗಳ ಪಾಲು, ಕೆಲಸ ಕೊಡುವವರ ಅಭಿಪ್ರಾಯ ಇಂಥವೆಲ್ಲ ಬರುತ್ತವೆ.

ಹೆಜ್ಜೆ 2: ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು

ಇದು ಸಣ್ಣ ಹೆಜ್ಜೆಯಂತೆ ಕಾಣುತ್ತದೆ. ಆದರೆ ಇಲ್ಲೇ ಕೆಲವರು ಹೊರಗುಳಿದುಬಿಡುತ್ತಾರೆ. ಟೈಮ್ಸ್ ಪಟ್ಟಿಗೆ ಬರಲು 5 ವರ್ಷದಲ್ಲಿ ಕನಿಷ್ಠ 1,000 ಸಂಶೋಧನಾ ಪ್ರಬಂಧ ಬೇಕು, ಪದವಿ ತರಗತಿಗಳೂ ಇರಬೇಕು. ನ್ಯೂಯಾರ್ಕಿನ ರಾಕ್‌ಫೆಲರ್ ವಿ.ವಿ.ಯಲ್ಲಿ ನೊಬೆಲ್ ಪಡೆದವರ ದೊಡ್ಡ ಸಾಲೇ ಇದೆ. ಪದವಿ ತರಗತಿಗಳಿಲ್ಲ. ಹಾಗಾಗಿ ಟೈಮ್ಸ್ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ, ಶಾಂಘೈ ಪಟ್ಟಿಯಲ್ಲಿ ಇದೆ.

ಹೆಜ್ಜೆ 3: ಅಳತೆಗೋಲುಗಳನ್ನು ಆರಿಸಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಗುಣವನ್ನು ನೇರವಾಗಿ ಅಳೆಯಲು ಬರುವುದಿಲ್ಲ. ಅದರ ಬದಲಿಗೆ ಎಣಿಸಲು ಸಿಗುವ ಯಾವುದೋ ಒಂದನ್ನು ಹಿಡಿಯಬೇಕಾಗುತ್ತದೆ.

ಮೊದಲು ಪ್ರಶಸ್ತಿಗಳು. ಶಾಂಘೈ ಪಟ್ಟಿಯಲ್ಲಿ ಹಳೆಯ ವಿದ್ಯಾರ್ಥಿಗಳು ಪಡೆದ ನೊಬೆಲ್ ಮತ್ತು ಗಣಿತದ ಫೀಲ್ಡ್ಸ್ ಪದಕಕ್ಕೆ ಒಟ್ಟು ಅಂಕದ ಶೇ 10, ಬೋಧಕರು ಪಡೆದದ್ದಕ್ಕೆ ಶೇ 20. ಎಣಿಸುವುದು ಸುಲಭ, ತಕರಾರಿಗೆ ಜಾಗವಿಲ್ಲ ಅನ್ನಿಸುತ್ತದೆ. ಆದರೆ ಬರ್ಲಿನ್ನಿನಲ್ಲಿ ಏನಾಯಿತು ನೋಡಿ. ಎರಡನೇ ಮಹಾಯುದ್ಧಕ್ಕೆ ಮೊದಲು ಅಲ್ಲಿದ್ದದ್ದು ಒಂದೇ ಬರ್ಲಿನ್ ವಿ.ವಿ. ನಗರ ಹರಿದು ಹಂಚಿಹೋದ ಮೇಲೆ ಒಂದು ಕಡೆ ಹಂಬೋಲ್ಟ್, ಇನ್ನೊಂದು ಕಡೆ 1948ರಲ್ಲಿ ಹುಟ್ಟಿದ ಫ್ರೀ ಯೂನಿವರ್ಸಿಟಿ. ಐನ್‌ಸ್ಟೈನ್ ಕಾಲದ ನೊಬೆಲ್‌ಗಳು ತಮಗೆ ಸೇರಬೇಕು ಎಂದು ಇಬ್ಬರೂ ಹಕ್ಕು ಹೂಡಿದರು. ಐನ್‌ಸ್ಟೈನ್‌ಗೆ ನೊಬೆಲ್ ಬಂದದ್ದು 1921ರ ಸಾಲಿನದು. ಈಗ ಅಲ್ಲಿ ಸೇರುವ ವಿದ್ಯಾರ್ಥಿಗೆ ಅದರಿಂದ ಏನು ಸಿಗುತ್ತದೆ ಎಂದು ಕೇಳಿದರೆ ಉತ್ತರ ಕಷ್ಟ. ಹಳೆಯ ಪ್ರಶಸ್ತಿಗಳಿಗೆ ದಶಕ ಕಳೆದಂತೆ ಬೆಲೆ ಕಡಿಮೆ ಮಾಡುವ ಕ್ರಮವನ್ನು ಶಾಂಘೈಯವರು ಇಟ್ಟುಕೊಂಡಿದ್ದಾರೆ. ಅದು ಬೇಕಾದದ್ದೇ.

ಎರಡನೆಯದು ಸೈಟೇಷನ್. ಒಂದು ಪ್ರಬಂಧವನ್ನು ಬೇರೆ ಸಂಶೋಧಕರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬ ಎಣಿಕೆ. ಸುಮ್ಮನೆ ಎಣಿಸಿದರೆ ಗಣಿತದವರಿಗೆ ಅನ್ಯಾಯವಾಗುತ್ತದೆ. ವೈದ್ಯಕೀಯ ಕ್ಷೇತ್ರದಲ್ಲಿ ಪ್ರಬಂಧಗಳೂ ಜಾಸ್ತಿ, ಒಂದೊಂದರಲ್ಲಿ ಉಲ್ಲೇಖಗಳೂ ಜಾಸ್ತಿ. ಅದಕ್ಕೆ ಆಯಾ ವಿಷಯದ, ಆಯಾ ವರ್ಷದ ಜಾಗತಿಕ ಸರಾಸರಿಯನ್ನು 1 ಎಂದು ಹಿಡಿಯುತ್ತಾರೆ. ನಿಮ್ಮ ಪ್ರಬಂಧಕ್ಕೆ 2 ಬಂದರೆ ಸರಾಸರಿಯ ಎರಡರಷ್ಟು ಉಲ್ಲೇಖ ಬಂದಿದೆ ಎಂದರ್ಥ.

ಇದೂ ಒಮ್ಮೊಮ್ಮೆ ಕೈಕೊಡುತ್ತದೆ. 2010ರ ಟೈಮ್ಸ್ ಪಟ್ಟಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ವಿ.ವಿ. ಒಟ್ಟಾರೆ 147ನೇ ಸ್ಥಾನಕ್ಕೆ ಬಂತು. ಸೈಟೇಷನ್ ಪ್ರಭಾವದಲ್ಲಂತೂ ಜಗತ್ತಿಗೇ ನಾಲ್ಕನೆಯದು! ವಿಚಾರಿಸಿದಾಗ ಅದರ ಹಿಂದೆ ಮುಖ್ಯವಾಗಿ ಒಬ್ಬರೇ ವಿಜ್ಞಾನಿಯ ಪ್ರಬಂಧಗಳಿದ್ದವು ಎಂದು ತಿಳಿಯಿತು. ಇಡೀ ವಿ.ವಿ.ಯ ಪ್ರಬಂಧಗಳು ಕಡಿಮೆ ಇದ್ದಾಗ ಒಬ್ಬರ ಅಂಕಿ ಸರಾಸರಿಯನ್ನು ಎಲ್ಲಿಗೋ ಎಳೆದೊಯ್ಯುತ್ತದೆ.

ದೊಡ್ಡ ತಂಡಗಳ ಪ್ರಬಂಧಗಳದು ಇನ್ನೊಂದು ತೊಂದರೆ. 2015ರಲ್ಲಿ ಭೌತವಿಜ್ಞಾನದ ಹಿಗ್ಸ್ ಕಣದ ದ್ರವ್ಯರಾಶಿಯ ಬಗ್ಗೆ ಬಂದ ಪ್ರಬಂಧಕ್ಕೆ 5,154 ಲೇಖಕರು. ಒಬ್ಬ ಲೇಖಕ ಇದ್ದ ವಿ.ವಿ.ಗೂ ಪೂರ್ತಿ ಶ್ರೇಯಸ್ಸು ಕೊಟ್ಟರೆ ಅದು ಲೆಕ್ಕವೇ ಅಲ್ಲ. 1,000ಕ್ಕಿಂತ ಹೆಚ್ಚು ಲೇಖಕರಿರುವ ಪ್ರಬಂಧಗಳನ್ನು ಟೈಮ್ಸ್ ಅದೇ ವರ್ಷ ಎಣಿಕೆಯಿಂದ ಕೈಬಿಟ್ಟಿತು. 2023ರಲ್ಲಿ ಇನ್ನೂ ಒಂದು ತಿದ್ದುಪಡಿ ಬಂತು. ಸರಾಸರಿಗೆ ಇದ್ದ ಶೇ 30ರ ತೂಕವನ್ನು ಶೇ 15ಕ್ಕೆ ಇಳಿಸಿ, ಬೇರೆ ಅಳತೆಗಳನ್ನು ಸೇರಿಸಿದರು. ಅವುಗಳಲ್ಲಿ ಒಂದು ಹೀಗಿದೆ: ವಿ.ವಿ.ಯ ಎಲ್ಲ ಪ್ರಬಂಧಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿ, ಮುಕ್ಕಾಲು ಭಾಗ ದಾಟಿದ ಜಾಗದಲ್ಲಿ ಯಾವ ಅಂಕ ಇದೆ ಎಂದು ನೋಡುವುದು. ತುದಿಯಲ್ಲಿರುವ ಒಂದು ಪ್ರಬಂಧಕ್ಕೆ ಸಾವಿರ ಉಲ್ಲೇಖ ಬಂದರೂ ಈ ಅಂಕ ಅಲುಗಾಡುವುದಿಲ್ಲ. ನನಗೆ ಇದು ನಿಜಕ್ಕೂ ಒಳ್ಳೆಯ ಸುಧಾರಣೆ ಅನ್ನಿಸಿದೆ.

ಮೂರನೆಯದು ಹೆಸರು, ಖ್ಯಾತಿ. ಜಗತ್ತಿನ ಅಧ್ಯಾಪಕರಿಗೆ ಪ್ರಶ್ನಾವಳಿ ಕಳಿಸಿ, ‘ನಿಮ್ಮ ವಿಷಯದಲ್ಲಿ ಯಾವ ವಿ.ವಿ.ಗಳು ಚೆನ್ನಾಗಿವೆ’ ಎಂದು ಕೇಳುತ್ತಾರೆ. ಕ್ಯೂಎಸ್‌ನಲ್ಲಿ ಅಧ್ಯಾಪಕರ ಅಭಿಪ್ರಾಯಕ್ಕೆ ಶೇ 30, ಕೆಲಸ ಕೊಡುವವರ ಅಭಿಪ್ರಾಯಕ್ಕೆ ಶೇ 15. ಹತ್ತಿರ ಹತ್ತಿರ ಅರ್ಧ ಪಟ್ಟಿ ಅಭಿಪ್ರಾಯದ ಮೇಲೆಯೇ ನಿಂತಿದೆ. ತನ್ನ ಕ್ಷೇತ್ರದ ಸಂಶೋಧನೆ ಬಗ್ಗೆ ಅಧ್ಯಾಪಕರಿಗೆ ತಿಳಿದಿರುತ್ತದೆ, ಒಪ್ಪೋಣ. ಇನ್ನೊಂದು ಖಂಡದ ತರಗತಿಯೊಳಗೆ ಏನು ನಡೆಯುತ್ತಿದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಕೇಳಿದ ಹೆಸರನ್ನೇ ಬರೆಯುತ್ತಾರೆ. ಕಳೆದ ವರ್ಷದ ಪಟ್ಟಿಯಲ್ಲಿ ಮೇಲಿದ್ದವರ ಹೆಸರೇ ಜಾಸ್ತಿ ಕೇಳಿರುತ್ತದೆ.

ಇನ್ನು ಬೋಧನೆ. ನನ್ನ ಮಟ್ಟಿಗೆ ಈ ಎಲ್ಲ ಪಟ್ಟಿಗಳ ದೊಡ್ಡ ಕೊರತೆ ಇರುವುದೇ ಇಲ್ಲಿ. ಟೈಮ್ಸ್ ಪಟ್ಟಿಯಲ್ಲಿ ಬೋಧನೆ ಎಂಬ ವಿಭಾಗಕ್ಕೆ ಶೇ 29.5 ಇದೆ. ಒಳಗೆ ಇಣುಕಿ ನೋಡಿದರೆ ಅದರಲ್ಲಿ 15 ಮತ್ತೆ ಖ್ಯಾತಿಯ ಸಮೀಕ್ಷೆಗೆ. ಉಳಿದದ್ದು ಬೋಧಕರಿಗೆ ಎಷ್ಟು ವಿದ್ಯಾರ್ಥಿಗಳು, ಎಷ್ಟು ಡಾಕ್ಟರೇಟ್, ಸಂಸ್ಥೆಯ ಆದಾಯ ಎಷ್ಟು ಎಂಬುದಕ್ಕೆ. ಕ್ಯೂಎಸ್ ಪಟ್ಟಿಯಲ್ಲಿ ಬೋಧಕ-ವಿದ್ಯಾರ್ಥಿ ಅನುಪಾತಕ್ಕೆ ಶೇ 10 ಮಾತ್ರ. ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಿದವರು ಯಾರೂ ಇಲ್ಲ. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಪ್ರೊಫೆಸರ್ ಇರಬಹುದು, ಅವರು ಲ್ಯಾಬ್ ಬಿಟ್ಟು ಹೊರಗೇ ಬರದಿರಬಹುದು. ಪದವಿಗೆ ಸೇರುವ ಹುಡುಗ ಹುಡುಗಿಯರಿಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಇಲ್ಲಿ ಉತ್ತರ ಸಿಗುವುದಿಲ್ಲ.

ಹೆಜ್ಜೆ 4: ಅಂಕಿ ಅಂಶ ತರಿಸಿ, ಪ್ರತಿ ಪದಕ್ಕೂ ಅರ್ಥ ಕಟ್ಟಿ

ಪ್ರಬಂಧ ಮತ್ತು ಸೈಟೇಷನ್ ಸ್ಕೋಪಸ್, ವೆಬ್ ಆಫ್ ಸೈನ್ಸ್‌ನಂಥ ದತ್ತಾಂಶ ಸಂಗ್ರಹಗಳಿಂದ ಸಿಗುತ್ತವೆ. ಅವುಗಳಲ್ಲಿ ಇಂಗ್ಲಿಷ್ ಜರ್ನಲ್‌ಗಳೇ ಹೆಚ್ಚು. ಬೇರೆ ಭಾಷೆಯಲ್ಲಿ ಇತಿಹಾಸ, ಕಾನೂನು, ಸಾಹಿತ್ಯದ ಬಗ್ಗೆ ಬರೆಯುವವರ ಕೆಲಸ, ಅದರಲ್ಲೂ ಪುಸ್ತಕಗಳು, ಅಷ್ಟಾಗಿ ಕಾಣಿಸಿಕೊಳ್ಳುವುದಿಲ್ಲ. ಬೋಧಕರ ಸಂಖ್ಯೆ, ವಿದ್ಯಾರ್ಥಿಗಳ ಸಂಖ್ಯೆ, ಆದಾಯ ಇವನ್ನೆಲ್ಲ ಹೆಚ್ಚಾಗಿ ವಿ.ವಿ.ಗಳೇ ಕೊಡುತ್ತವೆ.

‘ವಿದೇಶಿ ವಿದ್ಯಾರ್ಥಿ’ ಎಂದರೆ ಯಾರು? ಇದರಲ್ಲಿ ಏನು ಗೊಂದಲ ಅನ್ನಬೇಡಿ. 2004ರಲ್ಲಿ ಕ್ಯೂಎಸ್-ಟೈಮ್ಸ್ ಜಂಟಿ ಪಟ್ಟಿಯಲ್ಲಿ ಮಲೇಷ್ಯಾದ ಮಲಯಾ ವಿ.ವಿ. 89ನೇ ಸ್ಥಾನದಲ್ಲಿತ್ತು. ಮರುವರ್ಷ 169ಕ್ಕೆ ಬಿತ್ತು. ಮಲೇಷ್ಯಾದ್ದೇ ಪ್ರಜೆಗಳಾದ ಚೀನೀ ಮತ್ತು ಭಾರತೀಯ ಮೂಲದವರನ್ನು ಮೊದಲ ವರ್ಷ ವಿದೇಶಿಯರ ಲೆಕ್ಕಕ್ಕೆ ಹಾಕಲಾಗಿತ್ತು. ಅದನ್ನು ಸರಿಪಡಿಸಿದ್ದು ಕುಸಿತಕ್ಕೆ ಮುಖ್ಯ ಕಾರಣ. ವಿ.ವಿ.ಯೊಳಗೆ ಅಂಥದ್ದೇನೂ ಬದಲಾಗಿರಲಿಲ್ಲ, ಆದರೂ ಅದರ ಮೇಲೆ ಟೀಕೆಯ ಮಳೆಯೇ ಸುರಿಯಿತು.

ಕೊಟ್ಟ ಅಂಕಿಯನ್ನು ತಾಳೆ ನೋಡುವವರೂ ಬೇಕು. 2022ರಲ್ಲಿ ಕೊಲಂಬಿಯಾ ವಿ.ವಿ. ಅಮೆರಿಕದ ಯುಎಸ್ ನ್ಯೂಸ್ ಪಟ್ಟಿಗೆ ಕೊಟ್ಟ ಅಂಕಿಗಳನ್ನು ಅಲ್ಲಿಯದೇ ಗಣಿತ ಪ್ರೊಫೆಸರ್ ಒಬ್ಬರು ಪ್ರಶ್ನಿಸಿದರು. ಆ ವಿ.ವಿ. 2ನೇ ಸ್ಥಾನದಿಂದ 18ಕ್ಕೆ ಇಳಿಯಿತು. ಅದು ದೇಶದೊಳಗಿನ ಪಟ್ಟಿ, ಆದರೆ ಅಪಾಯ ಎಲ್ಲ ಕಡೆಯೂ ಒಂದೇ.

ಹೆಜ್ಜೆ 5: ಎಲ್ಲವನ್ನೂ ಒಂದೇ ಅಳತೆಗೆ ತನ್ನಿ

ಪ್ರಬಂಧ ಸಾವಿರಗಳಲ್ಲಿ, ಅನುಪಾತ ಹತ್ತಿಪ್ಪತ್ತರಲ್ಲಿ, ಆದಾಯ ಕೋಟಿಗಳಲ್ಲಿ. ಇವನ್ನು ಹಾಗೆಯೇ ಕೂಡಿಸಲು ಬರುವುದಿಲ್ಲ. ಒಂದು ದಾರಿ, ಎಲ್ಲರಿಗಿಂತ ಮೇಲಿರುವವರಿಗೆ 100 ಕೊಟ್ಟು ಉಳಿದವರನ್ನು ಅದಕ್ಕೆ ಹೋಲಿಸುವುದು. ಮೊದಲಿನವರದು 400, ನಿಮ್ಮದು 100 ಇದ್ದರೆ ನಿಮಗೆ 25. ಇನ್ನೊಂದು ದಾರಿ, ಸರಾಸರಿಯಿಂದ ನೀವು ಎಷ್ಟು ಮೇಲೆ ಅಥವಾ ಕೆಳಗೆ ಇದ್ದೀರಿ ಎಂದು ನೋಡುವುದು. ಎರಡರಲ್ಲೂ ನಿಮ್ಮ ಅಂಕ ಬೇರೆಯವರ ಮೇಲೆ ನಿಂತಿರುತ್ತದೆ. ಪಟ್ಟಿಗೆ ಹೊಸದಾಗಿ ನೂರು ವಿ.ವಿ.ಗಳು ಸೇರಿದರೆ ನೀವು ಏನೂ ಮಾಡದೆಯೂ ನಿಮ್ಮ ಅಂಕ ಬದಲಾಗಬಹುದು.

ಒಟ್ಟು ಎಣಿಸಬೇಕೋ, ತಲೆಗೆ ಎಷ್ಟು ಎಂದು ಭಾಗಿಸಬೇಕೋ ಎಂಬುದೂ ಇಲ್ಲೇ ತೀರ್ಮಾನವಾಗುತ್ತದೆ. ಒಟ್ಟು ಎಣಿಸಿದರೆ ದೊಡ್ಡವರಿಗೆ ಲಾಭ. ಹಲವು ಸಂಸ್ಥೆಗಳನ್ನು ಕೂಡಿಸಿ ಕಟ್ಟಿದ ಫ್ರಾನ್ಸಿನ ಪ್ಯಾರಿಸ್-ಸಾಕ್ಲೆ 2020ರ ಶಾಂಘೈ ಪಟ್ಟಿಯಲ್ಲಿ ಮೊದಲ ಸಲಕ್ಕೇ 14ನೇ ಸ್ಥಾನ ಪಡೆಯಿತು. ತಲೆಗೆ ಭಾಗಿಸಿದರೆ ಅಮೆರಿಕದ ಕ್ಯಾಲ್‌ಟೆಕ್‌ನಂಥ ಪುಟ್ಟ ಸಂಸ್ಥೆ ಎದ್ದು ನಿಲ್ಲುತ್ತದೆ.

ಹೆಜ್ಜೆ 6: ತೂಕ ಹಂಚಿ

ಕಾಗದ, ಪೆನ್ನು ತಗೊಳ್ಳಿ. ಎರಡು ಕಾಲ್ಪನಿಕ ವಿ.ವಿ.ಗಳಿವೆ. ‘ಅ’ ವಿ.ವಿ.ಗೆ ಸಂಶೋಧನೆಯಲ್ಲಿ 90, ಬೋಧನೆಯಲ್ಲಿ 60, ಖ್ಯಾತಿಯಲ್ಲಿ 80. ‘ಬ’ ವಿ.ವಿ.ಗೆ ಕ್ರಮವಾಗಿ 70, 90, 60. ಸಂಶೋಧನೆಗೆ ಶೇ 50, ಬೋಧನೆಗೆ 20, ಖ್ಯಾತಿಗೆ 30 ತೂಕ ಕೊಡಿ. ‘ಅ’ಗೆ 45, 12, 24 ಸೇರಿ 81. ‘ಬ’ಗೆ 35, 18, 18 ಸೇರಿ 71. ಈಗ ತೂಕವನ್ನು 20, 60, 20 ಮಾಡಿ. ‘ಅ’ 70ಕ್ಕೆ ಇಳಿಯುತ್ತದೆ, ‘ಬ’ 80ಕ್ಕೆ ಏರುತ್ತದೆ. ಎರಡೂ ಕಡೆ ಒಬ್ಬ ಅಧ್ಯಾಪಕರೂ ಬದಲಾಗಿಲ್ಲ.

ಯಾವ ತೂಕ ಸರಿ ಎಂದು ಹೇಳುವ ಸೂತ್ರ ಇಲ್ಲ. ಪಟ್ಟಿ ಮಾಡುವವರು ಯಾವುದಕ್ಕೆ ಬೆಲೆ ಕೊಡುತ್ತಾರೋ ಅದೇ ತೂಕ. 2023ರಲ್ಲಿ ಕ್ಯೂಎಸ್ ಅಧ್ಯಾಪಕರ ಅಭಿಪ್ರಾಯದ ತೂಕವನ್ನು 40ರಿಂದ 30ಕ್ಕೆ, ಬೋಧಕ-ವಿದ್ಯಾರ್ಥಿ ಅನುಪಾತವನ್ನು 20ರಿಂದ 10ಕ್ಕೆ ಇಳಿಸಿತು. ಸುಸ್ಥಿರತೆ, ಉದ್ಯೋಗ, ಅಂತರರಾಷ್ಟ್ರೀಯ ಸಂಶೋಧನಾ ಸಂಪರ್ಕಕ್ಕೆ ತಲಾ 5 ಕೊಟ್ಟಿತು. ಆ ವರ್ಷ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿ.ವಿ. 27ರಿಂದ 10ನೇ ಸ್ಥಾನಕ್ಕೆ ಜಿಗಿಯಿತು.

ಹೆಜ್ಜೆ 7: ಸಾಲಾಗಿ ನಿಲ್ಲಿಸಿ, ಆದರೆ ಎಲ್ಲಿಯವರೆಗೆ?

ಮೇಲಿನ ಕೆಲವರ ನಡುವೆ ಅಂತರ ದೊಡ್ಡದು. ಕೆಳಗೆ ಹೋದಂತೆ ದಶಮಾಂಶಗಳಲ್ಲಿ ಸ್ಥಾನ ಬದಲಾಗುತ್ತದೆ. ಅದಕ್ಕೇ ಶಾಂಘೈ ಪಟ್ಟಿ 100ರ ನಂತರ, ಟೈಮ್ಸ್ 200ರ ನಂತರ ಗುಂಪು ಗುಂಪಾಗಿ ಪ್ರಕಟಿಸುತ್ತವೆ. ಇನ್ನೂ ಮೇಲಿನಿಂದಲೇ ಗುಂಪು ಮಾಡಿದ್ದರೆ ಚೆನ್ನಾಗಿತ್ತು.

ಹೆಜ್ಜೆ 8: ಈಗ ಪಟ್ಟಿಯನ್ನು ಓದಿ

ಒಟ್ಟು ಸ್ಥಾನವನ್ನು ನೋಡಿ ಅಲ್ಲೇ ನಿಲ್ಲಬೇಡಿ. ವಿ.ವಿ.ಯ ಹೆಸರನ್ನು ಒತ್ತಿದರೆ ಪ್ರತಿ ಅಳತೆಗೋಲಿನ ಅಂಕ ತೆರೆದುಕೊಳ್ಳುತ್ತದೆ. ಪಿಎಚ್‌ಡಿಗೆ ಹೋಗುವವರು ಸಂಶೋಧನೆಯ ಅಂಕ ನೋಡಿ, ನಿಮ್ಮ ವಿಷಯದ ಪ್ರತ್ಯೇಕ ಪಟ್ಟಿಯನ್ನೂ ನೋಡಿ. ಪದವಿಗೆ ಹೋಗುವವರು ಅಲ್ಲಿ ಈಗ ಓದುತ್ತಿರುವವರನ್ನು ಮಾತಾಡಿಸಿ. ಯಾರು ಪಾಠ ಮಾಡುತ್ತಾರೆ, ತರಗತಿಯಲ್ಲಿ ಎಷ್ಟು ಜನ, ಸಂಶಯ ಬಂದರೆ ಯಾರು ಸಿಗುತ್ತಾರೆ ಎಂದು ಕೇಳಿ.

ಒಂದು ವರ್ಷದಲ್ಲಿ ಇಪ್ಪತ್ತು ಮೂವತ್ತು ಸ್ಥಾನ ಏರಿಳಿತ ಕಂಡರೆ, ಆ ವರ್ಷ ಲೆಕ್ಕದ ಕ್ರಮ ಬದಲಾಯಿತೇ ಎಂದು ಮೊದಲು ನೋಡಿ. ಕ್ರಮವನ್ನು ವಿವರಿಸುವ ಪುಟವನ್ನು ಎಲ್ಲ ಪಟ್ಟಿಗಳೂ ಪ್ರಕಟಿಸುತ್ತವೆ. ಓದಲು ಅರ್ಧ ಗಂಟೆ ಸಾಕು.

ನೆದರ್ಲೆಂಡ್ಸ್‌ನ ಲೈಡನ್ ವಿ.ವಿ. ತರುವ ಪಟ್ಟಿಯನ್ನೂ ಒಮ್ಮೆ ತೆರೆಯಿರಿ. ಅದು ಸಂಶೋಧನೆಯನ್ನು ಮಾತ್ರ ನೋಡುತ್ತದೆ, ಎಲ್ಲವನ್ನೂ ಕಲಸಿ ಒಂದೇ ಅಂಕ ಮಾಡುವುದಿಲ್ಲ. ಯಾವ ಅಳತೆ ಬೇಕು, ಒಟ್ಟು ಸಂಖ್ಯೆಯೋ ಪಾಲೋ ಎಂದು ನೀವೇ ಆರಿಸಬಹುದು. ಅಂಕ ಎಷ್ಟು ಆಚೀಚೆ ಆಗಬಹುದು ಎಂಬುದನ್ನೂ ಅದು ತೋರಿಸುತ್ತದೆ.

ಹುಡುಕಿದ ಹೆಸರು ಪಟ್ಟಿಯಲ್ಲಿ ಸಿಗದಿದ್ದರೆ ಆ ವಿ.ವಿ. ಕಳಪೆ ಅಂದುಕೊಳ್ಳಬೇಡಿ. ಉಟ್ರೆಕ್ಟ್ ವಿ.ವಿ. 2023ರಲ್ಲಿ ತಾನಾಗಿಯೇ ಟೈಮ್ಸ್ ಪಟ್ಟಿಯಿಂದ ಹೊರಬಂತು. ಇನ್ನು ಮುಂದೆ ಆ ಪಟ್ಟಿಗೆ ಅಂಕಿ ಅಂಶ ಕೊಡುವುದಿಲ್ಲ ಎಂದು ಜ್ಯೂರಿಕ್ ವಿ.ವಿ. 2024ರಲ್ಲಿ ತಿಳಿಸಿತು. ಇಂಥವುಗಳ ಬಗ್ಗೆ ಆಯಾ ವಿಭಾಗದ ಪುಟಕ್ಕೆ ಹೋಗಿ, ಅಧ್ಯಾಪಕರ ಇತ್ತೀಚಿನ ಪ್ರಬಂಧಗಳನ್ನೂ ಪಠ್ಯಕ್ರಮವನ್ನೂ ನೇರವಾಗಿ ಓದಿ.