ಅಳತೆ ಟೇಪಿನ ಆಂಟೆನಾದಲ್ಲಿ ಗಗನಯಾತ್ರಿಯ ದನಿ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಿಗಳು ತಮ್ಮತಮ್ಮಲ್ಲಿ ಮಾತಾಡಲು ಬಳಸೋ ರೇಡಿಯೋ, ಇದೆ. ಗಗನಯಾತ್ರಿಗಳು ಕೆಲಸದ ನಡುವೆ ಬಿಡುವು ಮಾಡಿಕೊಂಡು ಅದರಲ್ಲಿ ಶಾಲೆ ಮಕ್ಕಳ ಜೊತೆ ಮಾತಾಡುತ್ತಾರೆ. 2025ರ ಜುಲೈ 4ರಂದು ಶುಭಾಂಶು ಶುಕ್ಲಾ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಮಕ್ಕಳ ಜೊತೆ ಮಾತಾಡಿದ್ದು ಹೀಗೇ. ನಾನೂ ಹ್ಯಾಮ್, ಅಂದರೆ ಇಂಥ ರೇಡಿಯೋ ಹವ್ಯಾಸಿ. ಆ ದನಿ ಹಿಡಿಯೋಕೆ ದುಬಾರಿ ಸಾಮಾನು ಬೇಕಿಲ್ಲ.

ನನ್ನ ಹತ್ತಿರ ಇರುವುದು ಕೈಯಲ್ಲಿ ಹಿಡಿಯೋ ಸಾಧಾರಣ ರೇಡಿಯೋ ಸೆಟ್ಟು. ಆಂಟೆನಾ ಮನೆಯಲ್ಲೇ ಮಾಡಿದೆ. ಪಿವಿಸಿ ಪೈಪಿಗೆ ಸ್ಟೀಲಿನ ಅಳತೆ ಟೇಪನ್ನು ಕತ್ತರಿಸಿ ಕಟ್ಟಿದ್ದು. ಹಿಂದಿನ ತುಂಡು 105 ಸೆಂ.ಮೀ., ಮುಂದಿನದು 89. ನಡುವೆ 45 ಸೆಂ.ಮೀ.ನ ಎರಡು ತುಂಡು, ಒಂದಕ್ಕೊಂದು ತಾಗದ ಹಾಗೆ. ಕೇಬಲ್ ಬೆಸುಗೆ ಹಾಕೋದು ಈ ನಡುವಿನವಕ್ಕೆ. ಬೆಸುಗೆ ಹಾಕೋ ಜಾಗದಲ್ಲಿ ಟೇಪಿನ ಹಳದಿ ಬಣ್ಣವನ್ನು ಸ್ಯಾಂಡ್ ಪೇಪರಿನಲ್ಲಿ ಪೂರ್ತಿ ಉಜ್ಜಿ ತೆಗೆಯಬೇಕು, ಇಲ್ಲದಿದ್ದರೆ ಬೆಸುಗೆ ಹಿಡಿಯೋದೇ ಇಲ್ಲ.

ಕಷ್ಟ ಇರುವುದು ಸಮಯದಲ್ಲಿ. ನಿಲ್ದಾಣ ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಓಡುತ್ತೆ. ನೆತ್ತಿ ಮೇಲೆ ಹಾದುಹೋದರೂ ಸಿಗೋದು ಹತ್ತೇ ನಿಮಿಷ. ಎಲ್ಲಿ ಹುಟ್ಟಿ ಎಲ್ಲಿ ಮುಳುಗುತ್ತೆ ಅಂತ ಫೋನಿನ ಆ್ಯಪ್‌ನಲ್ಲಿ ಮೊದಲೇ ನೋಡಿಟ್ಟುಕೊಂಡು, ಆಂಟೆನಾವನ್ನು ಅದರ ಹಿಂದೆಯೇ ನಿಧಾನಕ್ಕೆ ತಿರುಗಿಸುತ್ತೇನೆ. ಅಲ್ಲಿಂದ ಮಾತು ಬರುವ ಫ್ರೀಕ್ವೆನ್ಸಿ (ಕಂಪನಾಂಕ) 145.800 ಮೆಗಾಹರ್ಟ್ಸ್. ಆದರೆ ನಿಲ್ದಾಣ ನಮ್ಮ ಕಡೆ ಬರುವಾಗ ಅದು 3 ಕಿಲೋಹರ್ಟ್ಸ್‌ನಷ್ಟು ಮೇಲೆ, ದೂರ ಹೋಗುವಾಗ ಅಷ್ಟೇ ಕೆಳಗೆ ಕೇಳುತ್ತೆ. ರೈಲಿನ ಸೀಟಿ ಹತ್ತಿರ ಬರುವಾಗ ಒಂದು ಥರ, ದಾಟಿದ ಮೇಲೆ ಇನ್ನೊಂದು ಥರ ಕೇಳಲ್ವಾ, ಹಾಗೆ. ಸೆಟ್ಟಿನಲ್ಲಿ ಮೇಲಿನದು, ನಡುವಿನದು, ಕೆಳಗಿನದು ಅಂತ ಮೂರು ಚಾನೆಲ್ ತುಂಬಿಟ್ಟುಕೊಂಡು ಬದಲಾಯಿಸುತ್ತಾ ಹೋಗುತ್ತೇನೆ.

ಮಜಾ ಏನಂದ್ರೆ, ಕೇಳೋದು ಮೇಲಿನವರ ಮಾತು ಮಾತ್ರ. ಮಕ್ಕಳ ಪ್ರಶ್ನೆ ಬೇರೆ ಫ್ರೀಕ್ವೆನ್ಸಿಯಲ್ಲಿ ಮೇಲಕ್ಕೆ ಹೋಗುತ್ತೆ. ಒಮ್ಮೆ ಬರೀ ಕರಕರ ಸದ್ದಿನ ನಡುವೆ ಇದ್ದಕ್ಕಿದ್ದಂತೆ ಇಂಗ್ಲಿಷಿನಲ್ಲಿ ಉತ್ತರ ಶುರುವಾಯಿತು. ಮಲಗೋ ಚೀಲವನ್ನು ಗೋಡೆಗೆ ಕಟ್ಟಿಕೊಳ್ಳೋದು, ದಿನಕ್ಕೆ ಎರಡು ಗಂಟೆ ವ್ಯಾಯಾಮ, ಕೊನೆಗೆ 'ಓವರ್', ಅಂದರೆ ನನ್ನ ಮಾತು ಮುಗೀತು ಅಂತ. ಆಮೇಲೆ ಖಾಲಿ. ಯಾವ ಮಗು ಏನು ಕೇಳಿತ್ತು ಅಂತ ನಾವೇ ಊಹಿಸಬೇಕು.

ಎಲ್ಲ ಶಾಲೆಗಳ ಮಾತೂ ನಮಗೆ ಸಿಗಲ್ಲ. ನಿಲ್ದಾಣ ಯೂರೋಪಿನ ಮೇಲಿರುವಾಗ ಆಡಿದ ಮಾತು ಇಲ್ಲಿಗೆ ಬರೋದಿಲ್ಲ, ಅದು ನಮ್ಮ ಆಕಾಶದಲ್ಲೇ ಇರಬೇಕು. ಹೊಸಬರು ಶಾಲೆಗಳ ಜೊತೆಗಿನ ಮಾತಿಗೇ ಕಾಯಬೇಕಾಗಿಲ್ಲ. ಆಗಾಗ ಅಲ್ಲಿಂದ ಇದೇ ಫ್ರೀಕ್ವೆನ್ಸಿಯಲ್ಲಿ ಚಿತ್ರಗಳನ್ನೂ ಸದ್ದಿನ ರೂಪದಲ್ಲಿ ಕಳಿಸುತ್ತಾರೆ. ಆ ಕಿರುಚು ಸದ್ದನ್ನು ಫೋನಿಗೆ ಕೇಳಿಸಿದರೆ ಆ್ಯಪ್ ಅದನ್ನು ಗೆರೆ ಗೆರೆಯಾಗಿ ಚಿತ್ರ ಮಾಡಿ ತೋರಿಸುತ್ತೆ. ಒಂದು ಚಿತ್ರಕ್ಕೆ ಎರಡು ನಿಮಿಷ ಸಾಕು.