ಹಳೆಯ ಜೀಪು, ಸುಮೋಗಳ ‘ಟಕ್’ ಸದ್ದಿಗೆ ಮೊದಲು ಗ್ರೀಸ್ ಹೊಡೆದು ನೋಡಿ
ಗಾಡಿ ಹೊರಡುವಾಗ ಅಥವಾ ಬ್ರೇಕ್ ಹಾಕಿ ನಿಲ್ಲಿಸಿದ ಕೂಡಲೇ ಅಡಿಯಿಂದ ಒಂದೇ ಒಂದು ‘ಟಕ್’ ಕೇಳಿದರೆ, ಡಿಫರೆನ್ಷಿಯಲ್ (ಹಿಂದಿನ ಆಕ್ಸಲಿನ ನಡುವಿನ ಗೇರುಗಳ ಗೂಡು) ಬಿಚ್ಚಿಸುವ ಮೊದಲು, ಗೇರ್‌ಬಾಕ್ಸಿನಿಂದ ಅಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಸ್ಲಿಪ್ ಜಾಯಿಂಟಿಗೆ (ಒಂದರೊಳಗೊಂದು ಜಾರುವ ಜೋಡಣೆ) ಮೋಲಿ (ಮಾಲಿಬ್ಡಿನಮ್ ಪುಡಿ) ಬೆರೆತ ಎನ್‌ಎಲ್‌ಜಿಐ 2 (ಗಟ್ಟಿತನದ ದರ್ಜೆ) ಲಿಥಿಯಂ ಗ್ರೀಸ್ ಹೊಡೆಯಿರಿ. ಲೀಫ್ ಸ್ಪ್ರಿಂಗ್ ಕುಗ್ಗಿ ಹಿಗ್ಗಿದಂತೆ ಶಾಫ್ಟಿನ ಉದ್ದವೂ ಬದಲಾಗಬೇಕು; ಜಾಯಿಂಟಿನ ಉದ್ದುದ್ದ ಹಲ್ಲುಗಳು, ಅಂದರೆ ಸ್ಪ್ಲೈನ್, ಒಣಗಿದ್ದರೆ ಅಲ್ಲೇ ಹಿಡಿದುಕೊಂಡು ಆಮೇಲೆ ಒಮ್ಮೆಲೇ ಜಾರುತ್ತದೆ, ಸದ್ದು ಅದರದ್ದು. ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆಯ ತೋಟದ ದಾರಿಯಲ್ಲಿ ಕೆಸರು ನೀರು ಹಾಯುವ ಗಾಡಿಗಳಿಗೆ ಮಳೆಗಾಲ ಮುಗಿದ ಕೂಡಲೇ ಇದು ಬೇಕೇ ಬೇಕು. ಚಕ್ರಗಳಿಗೆ ಎರಡೂ ಬದಿ ಕಲ್ಲು ಕೊಟ್ಟು, ನಿಪ್ಪಲ್ (ಗ್ರೀಸ್ ಹೊಡೆಯುವ ಸಣ್ಣ ಬಾಯಿ) ಚೆನ್ನಾಗಿ ಒರೆಸಿ, ಗ್ರೀಸ್ ಗನ್ನಿನಲ್ಲಿ ಮೂರು–ನಾಲ್ಕು ಸಲ ಒತ್ತಿದರೆ ಸಾಕು. ದಯವಿಟ್ಟು ತುಂಬಿಸಬೇಡಿ: ಗ್ರೀಸ್ ಒಳಗೆ ಗಟ್ಟಿಯಾಗಿ ತುಂಬಿದರೆ ಶಾಫ್ಟಿಗೆ ಕುಗ್ಗಲು ಜಾಗವಿಲ್ಲದೆ ಗೇರ್‌ಬಾಕ್ಸಿನ ಬೇರಿಂಗಿಗೇ ಪೆಟ್ಟು. ನಿಪ್ಪಲ್ ಇಲ್ಲದ ಶಾಫ್ಟಾದರೆ ಬಿಚ್ಚುವ ಮೊದಲೇ ಎರಡೂ ತುಂಡಿಗೆ ಪೈಂಟಿನಲ್ಲಿ ಗೆರೆ ಎಳೆಯಿರಿ. ಸ್ಪ್ಲೈನ್ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ತೆಳ್ಳಗೆ ಹಚ್ಚಿ, ಅದೇ ಗೆರೆಗೆ ಕೂಡಿಸಿ. ಒಂದು ಹಲ್ಲು ತಪ್ಪಿದರೂ ವೇಗದಲ್ಲಿ ನಡುಕ ಬರುತ್ತದೆ. ಶಾಫ್ಟಿನ ತುದಿಯ ಯುಜೆ (ಯೂನಿವರ್ಸಲ್ ಜಾಯಿಂಟ್) ಕ್ರಾಸಿನ ಬೇರಿಂಗ್ ಕಪ್ಪಿನ ಅಂಚಿನಲ್ಲಿ ಕೆಂಪು ತುಕ್ಕಿನ ಪುಡಿ ಕಂಡರೆ, ಅಥವಾ ಕೈಯಲ್ಲಿ ತಿರುಚಿದಾಗ ಕ್ರಾಸ್ ಅಲುಗಿದರೆ ಗ್ರೀಸ್ ಪ್ರಯೋಜನವಿಲ್ಲ, ಕ್ರಾಸನ್ನೇ ಬದಲಿಸಬೇಕು.